ಪಟ್ಟಿಯಲ್ಲಿ ಏಳು ಜಾಗ, ಕೈಯಲ್ಲಿ ಎರಡೇ ಹಗಲು

ನವೆಂಬರಿನ ಶನಿವಾರ ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ಬಿಡುವ ಕಾರಿನ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ದಿನ ಸಹಸ್ರಲಿಂಗ, ಉಂಚಳ್ಳಿ, ಯಾಣ, ಸಂಜೆ ಗೋಕರ್ಣದ ಓಂ ಬೀಚು. ಭಾನುವಾರ ಮಿರ್ಜಾನ್ ಕೋಟೆ, ಕಾರವಾರ, ವಾಪಸ್ ಬರುವಾಗ ಮಾಗೋಡು ಜಲಪಾತ. ಮೊಬೈಲಿನಲ್ಲಿ ಎಲ್ಲವೂ ಅಂಗೈಯಗಲದೊಳಗೆ ಕಾಣುತ್ತವೆ. ಆದರೆ ಉತ್ತರ ಕನ್ನಡದಲ್ಲಿ ಘಟ್ಟ ಎಲ್ಲಿ ಇಳಿಯುತ್ತದೆ, ಹೊಳೆ ಎಲ್ಲಿ ದಾಟಲಿಕ್ಕಾಗುತ್ತದೆ ಎಂದು ಮೊದಲು ನೋಡಿಕೊಳ್ಳಬೇಕು. ಕಿಲೋಮೀಟರ್ ಲೆಕ್ಕ ಆಮೇಲೆ.

ಮೊದಲ ತಪ್ಪು ಮುಂಡಗೋಡದ ಮೇಲೆ ಶಿರಸಿಗೆ ಬರುವುದರಲ್ಲೇ ಇದೆ. ಅದು ಹತ್ತಿರದ ದಾರಿ ನಿಜ. ಆದರೆ ಸಹಸ್ರಲಿಂಗ ಇರುವುದು ಶಿರಸಿ–ಯಲ್ಲಾಪುರ ರಸ್ತೆಯ ಕಡೆ, ಶಿರಸಿಯಿಂದ ಸುಮಾರು 17 ಕಿ.ಮೀ. ಯಲ್ಲಾಪುರದ ಮೇಲೆ ಬಂದಿದ್ದರೆ ಅದು ದಾರಿಯಲ್ಲೇ ಸಿಗುತ್ತಿತ್ತು, ಮಾಗೋಡು ಕೂಡ ಬೆಳಗಿನ ಬೆಳಕಿನಲ್ಲೇ ಮುಗಿಯುತ್ತಿತ್ತು. ಈಗ ಶಿರಸಿ ಮುಟ್ಟಿ, ಮತ್ತೆ ಹಿಂದಕ್ಕೆ ಹೋಗಿ, ಪುನಃ ಶಿರಸಿಗೇ ಬರಬೇಕು.

ಸಹಸ್ರಲಿಂಗಕ್ಕೆ ಅವಸರ ಮಾಡಬಾರದು. ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ (1678–1718) ಶಾಲ್ಮಲಾ ಹೊಳೆಯ ಬಂಡೆಗಳ ಮೇಲೇ ಕಡೆಸಿದ ಲಿಂಗಗಳಿವು. ಬಹಳಷ್ಟು ಲಿಂಗಗಳ ಎದುರಿಗೆ ಅದೇ ಬಂಡೆಯಲ್ಲಿ ಪುಟ್ಟ ನಂದಿಯಿದೆ. ನೀರಿನ ಅಂಚಿನವು ಸವೆದು ನುಣ್ಣಗಾಗಿವೆ, ಮೇಲಿನವುಗಳ ಗೆರೆ ಇನ್ನೂ ಬೆರಳಿಗೆ ಹತ್ತುತ್ತದೆ. ಮಳೆಗಾಲದಲ್ಲಿ ಹೆಚ್ಚಿನವು ಮುಳುಗಿರುತ್ತವೆ. ನವೆಂಬರಿನಲ್ಲೂ ಪಾಚಿ ಇರುತ್ತದೆ, ರಬ್ಬರ್ ಚಪ್ಪಲಿ ಜಾರುತ್ತದೆ.

ಮುಂದೆ ಉಂಚಳ್ಳಿ, ಶಿರಸಿಯ ಇನ್ನೊಂದು ದಿಕ್ಕಿಗೆ, ಸಿದ್ದಾಪುರ ತಾಲೂಕಿನ ಹೆಗ್ಗರಣೆ ಹತ್ತಿರ, ಸುಮಾರು 35 ಕಿ.ಮೀ. ಅಘನಾಶಿನಿ ಹೊಳೆ ಇಲ್ಲಿ 116 ಮೀಟರ್ ಧುಮುಕುತ್ತದೆ. ಸದ್ದಿಗೆ ಕಿವಿ ಮುಚ್ಚುವುದರಿಂದ ಊರವರು ಇದನ್ನು ಕೆಪ್ಪಜೋಗ ಎನ್ನುತ್ತಾರೆ. ಮೆಟ್ಟಿಲಿಳಿದು ಹತ್ತಿ ಬರಲು ಒಂದು ತಾಸು ಬೇಕು. ಎರಡೂ ಜಾಗಕ್ಕೆ ಹೋಗಿಬರುವ ದಾರಿ ಕೂಡಿದರೆ 104 ಕಿ.ಮೀ. ಕಾಡಿನ ತಿರುವುಗಳಲ್ಲಿ ತಾಸಿಗೆ 30 ಕಿ.ಮೀ. ಎಂದಿಟ್ಟುಕೊಳ್ಳಿ: ಮೂರೂವರೆ ತಾಸು ಸ್ಟೇರಿಂಗ್ ಹಿಂದೆಯೇ ಹೋಯಿತು.

ಶಿರಸಿಗೆ ಬಂದು ಊಟ ಮುಗಿಸುವಾಗ ಮೂರೂವರೆ. ಯಾಣ ಇನ್ನೂ 40 ಕಿ.ಮೀ., ಸೂರ್ಯ ಮುಳುಗುವುದು ಆರರ ಹೊತ್ತಿಗೆ. ಇಲ್ಲಿ ಯಾಣವನ್ನು ಕೈಬಿಡುವುದೇ ಸರಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಕತ್ತಲೆಯಲ್ಲಿ ನಿಂತು ಏನೂ ಸಿಗುವುದಿಲ್ಲ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಮಾತು ನಡಿಗೆಯ ಕಾಲದ್ದು. ಈಗ ಬೇಕಾದದ್ದು ಕುಮಟಾ ಕಡೆಯಿಂದ ಬರಲು ಒಂದು ಪೂರ್ತಿ ಬೆಳಗು.

ಉಳಿದದ್ದು ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ. ಮಳೆಗಾಲದ ಗುಡ್ಡ ಕುಸಿತಕ್ಕೂ ಅಗಲೀಕರಣದ ಕೆಲಸಕ್ಕೂ ಈ ದಾರಿ ಹಲವು ಸಲ ಬಂದ್ ಆಗಿದೆ. ಹಾಗಾಗಿ ಪೆಟ್ರೋಲ್ ಹಾಕಿಸುವಾಗ ಬಂಕಿನಲ್ಲೇ ವಿಚಾರಿಸಿ. ಬಂದ್ ಇದ್ದರೆ ಸಿದ್ದಾಪುರ ಕಡೆಯ ದೊಡ್ಮನೆ ಘಟ್ಟ, ಇಲ್ಲವೇ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ. ಇಳಿಯುವಾಗ ಎರಡನೇ ಗೇರು, ಹೆಚ್ಚೆಂದರೆ ಮೂರನೆಯದು. ಬ್ರೇಕನ್ನು ಉದ್ದಕ್ಕೂ ತುಳಿದುಕೊಂಡೇ ಬಂದರೆ ಪ್ಯಾಡು, ಡಿಸ್ಕು ಕಾದು ಸುಟ್ಟ ವಾಸನೆ ಬರುತ್ತದೆ. ಆ ಕಾವು ಬ್ರೇಕ್ ಆಯಿಲಿಗೆ ಮುಟ್ಟಿ ಅದು ಕುದಿಯತೊಡಗಿದರೆ ಪೆಡಲು ಸ್ಪಂಜಿನಂತೆ ಒಳಗಿಳಿಯುತ್ತದೆ. ವಾಸನೆ ಬಂದ ಕೂಡಲೇ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ತಾಸು ಆರಲು ಬಿಡಿ. ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಓಂ ಬೀಚು ಮುಟ್ಟುವಾಗ ಕತ್ತಲೆ. ದೊಡ್ಡ ಪೆಟ್ಟು ಇನ್ನು ಮುಂದಿದೆ: ರೂಮು ಬುಕ್ ಮಾಡಿದ್ದು ಅಘನಾಶಿನಿ ಊರಿನಲ್ಲಿ. ನಕ್ಷೆಯಲ್ಲಿ ಗೋಕರ್ಣದ ಬದಿಯ ತದಡಿಯ ಎದುರು ದಡವೇ ಅದು, ಕೂಗಿದರೆ ಕೇಳಬೇಕು ಅನ್ನುವಷ್ಟು ಹತ್ತಿರ. ನಡುವೆ ಇರುವುದು ಹೊಳೆಯ ಅಳಿವೆ, ಅದನ್ನು ದಾಟಿಸುವುದು ದೋಣಿ. ದೋಣಿಯಲ್ಲಿ ಜನ ಹೋಗುತ್ತಾರೆ, ಬೈಕು ಹೋಗುತ್ತದೆ, ಕಾರು ಹೋಗುವುದಿಲ್ಲ. ಕಾರು ಸಾಣಿಕಟ್ಟೆಯ ಉಪ್ಪಿನಗದ್ದೆ ದಾಟಿ ಹೆದ್ದಾರಿ ಹಿಡಿದು, ಮಿರ್ಜಾನ್, ಕುಮಟಾ ಸುತ್ತಿ ಬರಬೇಕು, ಹತ್ತಿರ ಹತ್ತಿರ 40 ಕಿ.ಮೀ. ಇಲ್ಲಿ ರೂಮು ಹಿಡಿಯುವ ಮುನ್ನ ‘ಹೊಳೆಯ ಯಾವ ಬದಿ?’ ಎಂದು ಕೇಳಲೇಬೇಕು.

ಭಾನುವಾರ ಮಿರ್ಜಾನ್ ಕೋಟೆಗೆ ಒಂದು ತಾಸು ಸಾಕು. ಕೆಂಪು ಜಂಬಿಟ್ಟಿಗೆಯ ಗೋಡೆ, ಒಳಗೆ ಬಾವಿಗಳು, ಹೆದ್ದಾರಿಗೆ ಅಂಟಿದಂತೆ ಇದೆ. ಅಂಕೋಲಾ ಕಡೆ ಹೋಗುವಾಗ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಗಂಗಾವಳಿ ಹೊಳೆಯವರೆಗೂ ಮಣ್ಣು ನುಗ್ಗಿದ ಜಾಗ. ಮಳೆಗಾಲದಲ್ಲಿ ಗುಡ್ಡ ಕಡಿದ ಬದಿಯಲ್ಲಿ ಚಹಾಕ್ಕೆಂದೂ ಗಾಡಿ ನಿಲ್ಲಿಸಬಾರದು.

ಕಾರವಾರದಲ್ಲಿ ಮೊದಲು ಊಟ. ಎರಡೂವರೆ ದಾಟಿದರೆ ಒಳ್ಳೆಯ ಮೀನು ಖಾಲಿಯಾಗಿರುತ್ತದೆ. ಆಮೇಲೆ ಟಾಗೋರ್ ಕಡಲತೀರ, ಅಲ್ಲೇ ದಡದ ಮೇಲೆ ಚಪಲ್ ಯುದ್ಧನೌಕೆ. ಸದಾಶಿವಗಡಕ್ಕೆ ಕಾಳಿ ಸೇತುವೆ ದಾಟಬೇಕು. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದೆ, ಈ ಪಟ್ಟಿಯಲ್ಲಿ ಸದಾಶಿವಗಡಕ್ಕೆ ಹೊತ್ತೂ ಇಲ್ಲ.

ನಾಲ್ಕೂವರೆಗೆ ಕಾರವಾರ ಬಿಟ್ಟರೂ ಅರಬೈಲ್ ಘಟ್ಟ ಹತ್ತುವಾಗ ಕತ್ತಲೆ. ಮುಂದೆ ಲೋಡು ಲಾರಿ ಸಾಲು, ತಿರುವಿನಲ್ಲಿ ಓವರ್‌ಟೇಕ್ ಅಸಾಧ್ಯ. ಯಲ್ಲಾಪುರದಲ್ಲಿ ಏಳೂವರೆ. ಮಾಗೋಡಿಗೆ ಇಲ್ಲಿಂದ 17 ಕಿ.ಮೀ., ಹುಬ್ಬಳ್ಳಿಗೆ ಸುಮಾರು 70.