ಮಳೆ ಲೆಕ್ಕದ ಪ್ರೋಗ್ರಾಂ

"ಯಾವ ಪ್ರೋಗ್ರಾಮಿಂಗ್ ಲಾಂಗ್ವೇಜ್ ಕಲಿತರೆ ಬೇಗ ಕೆಲಸ ಸಿಗುತ್ತೆ ಸಾರ್?" ಮಡಿಕೇರಿಯ ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಯಾರಾದರೂ ಇದನ್ನು ಕೇಳೇ ಕೇಳುತ್ತಿದ್ದರು. ಕಂಪ್ಯೂಟರ್ ಸರ್ ತಿರುಗಿ ಕೇಳುತ್ತಿದ್ದರು: "ನೀನು ಬರೆದದ್ದು ಮುಂದಿನ ವರ್ಷ ಬರೋರಿಗೂ ಅರ್ಥ ಆಗ್ಬೇಕು. ಈಗ ಹೇಳು, ಯಾವುದರಲ್ಲಿ ಬರೀತೀಯಾ?"

ಸಿಲಬಸ್‌ನಲ್ಲಿ ಸಿ ಅನ್ನುವ ಲಾಂಗ್ವೇಜ್ ಇತ್ತು. ಅದನ್ನು ಸರ್ ಚೆನ್ನಾಗಿಯೇ ಕಲಿಸಿದರು. ಮೆಮೊರಿಯ ಒಳಗುಟ್ಟು ತಿಳಿಯಲು ಸಿ ಬೇಕೇ ಬೇಕು. ಆದರೆ ಶನಿವಾರದ ಲ್ಯಾಬ್ ಇನ್ನೊಂದು ಲಾಂಗ್ವೇಜ್ ಪೈಥಾನ್‌ಗೆ ಮೀಸಲು. ಅದರಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ, ಅಡ್ಡಾದಿಡ್ಡಿ ಬರೆದರೆ ಪ್ರೋಗ್ರಾಂ ಓಡುವುದೇ ಇಲ್ಲ. ಪೈಥಾನ್ 3ರಲ್ಲಿ ಕನ್ನಡವೂ ಸಲೀಸು. ಪರದೆ ಮೇಲೆ "ಏಪ್ರಿಲ್ ಮಳೆ" ಅಂತ ಮೂಡಿದಾಗ ನಮಗಾದ ಖುಷಿ ಅಷ್ಟಿಷ್ಟಲ್ಲ.

ಮಳೆ ಅಂದೆನಲ್ಲ, ನಮ್ಮ ಪಾಠವೇ ಅದು. ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ ಅಲ್ವಾ? ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ತಿಂಗಳ ಮೊತ್ತ ಕೂಡುವ ಪ್ರೋಗ್ರಾಂ ಅನ್ನು ಸೀನಿಯರ್‌ಗಳು ಬರೆದಿದ್ದರು. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ತೋರಿಸುವ ಭಾಗವನ್ನು ನಮ್ಮ ಬ್ಯಾಚ್ ಸೇರಿಸಿತು. ಕಾಫಿ ಹೂ ಅರಳಿಸುವ ಹೂಮಳೆಯನ್ನು ಬೇರೆಯಾಗಿ ತೋರಿಸುವ ಸಾಲುಗಳು ನನ್ನವು. ಅಪ್ಪ ನೋಡಿದವರೇ, "ಹೂಮಳೆ ಆದ್ಮೇಲೆ ಬ್ಯಾಕಿಂಗ್ ಮಳೆ ಬರದಿದ್ರೆ ಏನು ಪ್ರಯೋಜನ? ಅದನ್ನೂ ಹಾಕು" ಅಂದರು. ಹೂ ಕಾಯಿಕಟ್ಟಲು ಬೇಕಾದ ಆ ಎರಡನೇ ಮಳೆಯನ್ನೂ ಹಾಕಿದೆ.

ಫೈಲಿನ ಮೇಲ್ಭಾಗದಲ್ಲಿದ್ದ ಹಿಂದಿನವರ ಹೆಸರುಗಳನ್ನು ಅಳಿಸುವಂತಿರಲಿಲ್ಲ. ತೆಗೆದುಕೋ, ಬದಲಾಯಿಸು, ಹಂಚು. ಯಾರದ್ದು ಅಂತ ಹೇಳು, ನೀನು ಬದಲಾಯಿಸಿದ್ದನ್ನೂ ತೆರೆದಿಡು. ಸಾಫ್ಟ್‌ವೇರನ್ನು ಯಾವ ಷರತ್ತಿನ ಮೇಲೆ ಹಂಚಬಹುದು ಅಂತ ಹೇಳುವ ಜಿಪಿಎಲ್ ಲೈಸೆನ್ಸನ್ನು ಸರ್ ವಿವರಿಸಿದ್ದು ಹೀಗೆ. ಲಿನಸ್ ಟೊರ್ವಾಲ್ಡ್ಸ್ 1992ರಲ್ಲಿ ತಾನು ಬರೆದ, ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್ ಆದ ಲಿನಕ್ಸನ್ನು ಅದೇ ಲೈಸೆನ್ಸಿಗೆ ತಂದದ್ದನ್ನೂ ಹೇಳಿದರು. ಆಗ ಕದ್ದ ಸಾಫ್ಟ್‌ವೇರ್ ಸಿಡಿಗಳು ಧಾರಾಳವಾಗಿ ಸಿಗುತ್ತಿದ್ದವು. ಸರ್ ಒಂದನ್ನೂ ಲ್ಯಾಬಿನೊಳಗೆ ಬಿಡಲಿಲ್ಲ. ಹೀಗೆ ಪ್ರೋಗ್ರಾಂನ ಒಳಗಿನ ಸಾಲುಗಳನ್ನೇ ಎಲ್ಲರಿಗೂ ತೆರೆದಿಡುವ ಓಪನ್ ಸೋರ್ಸ್ ಅಂದರೆ ಸುಮ್ನೆ ಪುಕ್ಕಟೆ ಸಿಗುವುದು ಅಂತ ಇಂದಿಗೂ ಎಷ್ಟೋ ಜನ ತಿಳಿದಿದ್ದಾರೆ. ದುಡ್ಡು ಉಳಿಯುವುದು ಅದರಲ್ಲಿ ತೀರಾ ಸಣ್ಣ ಸಂಗತಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಆ ಮಳೆ ಲೆಕ್ಕದ ಪುಸ್ತಕಗಳ ಬೆಲೆ ನನಗೆ ಇನ್ನೂ ಜಾಸ್ತಿ ಅನ್ನಿಸುತ್ತಿದೆ. ಯಾವ ತೋಟದಲ್ಲಿ ಎಷ್ಟು ಸುರಿಯಿತು ಅನ್ನುವುದು ಎಲ್ಲರಿಗೂ ಸಿಗುವ ಹಾಗೆ ಒಂದೇ ಕಡೆ ಇರಬೇಕು. ಈಗ ಓದುತ್ತಿರುವವರು ಆ ಪ್ರೋಗ್ರಾಂ ಮುಂದುವರಿಸುವುದಾದರೆ ನಾನೂ ಸೇರುತ್ತೇನೆ. ಅಪ್ಪನ ಹಳೇ ಪುಸ್ತಕಗಳನ್ನು ಟೈಪ್ ಮಾಡಲು ಶುರು ಮಾಡಿದ್ದೇನೆ.