ಅಪ್ಪನ ಹೊಸ ಲ್ಯಾಪ್‌ಟಾಪಿನಲ್ಲಿ ಧಿಗಿಣ ತುಂಡಾದದ್ದು ಯಾಕೆ?

ಶನಿವಾರ ಸಂಜೆ

ಪುತ್ತೂರಿನ ಮನೆಯಲ್ಲಿ ಅಪ್ಪನಿಗೆಂದು ತಂದ ಹೊಸ ಲ್ಯಾಪ್‌ಟಾಪು. ಕಡಿಮೆ ಬೆಲೆಯದ್ದು. ಎರಡು ಕೋರಿನ, 6 ವಾಟಿನ ಪುಟ್ಟ ಪ್ರೊಸೆಸರು, 4 ಜಿಬಿ ರ‍್ಯಾಮು, ವಿಂಡೋಸ್ 11. ಅಪ್ಪನಿಗೆ ಬೇಕಾಗಿರುವುದು ಎರಡೇ: ಪೇಪರ್ ಓದುವುದು, ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವುದು. ಪೇಪರಿಗೆ ತೊಂದರೆ ಇಲ್ಲ. ಯಕ್ಷಗಾನ ಎಳೆದೆಳೆದು ಬರುತ್ತಿದೆ.

"ನೆಟ್ಟಿನದ್ದೇ ಉಪದ್ರ ಇದು. ಅವನಿಗೊಂದು ಫೋನ್ ಮಾಡು ಮಾರಾಯ" ಅಂತ ಅಪ್ಪ.

ಫೋನ್ ಮಾಡುವ ಮೊದಲು ಸ್ವಲ್ಪ ಹೊತ್ತು ಕೂತು ನೋಡಿದೆ. ಭಾಗವತರ ಪದ ಎಲ್ಲೂ ಕಡಿಯುವುದಿಲ್ಲ. ಚೆಂಡೆಯ ಪೆಟ್ಟು ಒಂದೂ ಹಾರುವುದಿಲ್ಲ. ವೇಷ ಕೂತು ಅರ್ಥ ಹೇಳುವಾಗಲೂ ಪರವಾಗಿಲ್ಲ. ಧಿಗಿಣ, ಅಂದರೆ ವೇಷ ಹಾರಿ ಗಿರ್ರನೆ ತಿರುಗುವ ಕುಣಿತ, ಶುರುವಾಯಿತೋ, ಕತೆ ಮುಗಿಯಿತು. ಕಾಲು ನೆಲ ಬಿಟ್ಟದ್ದು ಕಾಣುತ್ತದೆ. ಮತ್ತೆ ಕಾಣುವಾಗ ವೇಷ ಇತ್ತ ಮುಖ ಮಾಡಿ ನೆಲದ ಮೇಲೆ ಇರುತ್ತದೆ. ನಡುವಿನ ತಿರುಗು ಇಲ್ಲವೇ ಇಲ್ಲ.

ಅರ್ಧ ಉತ್ತರ ಇಲ್ಲೇ ಇದೆ. ನೆಟ್ ನಿಧಾನವಾದರೆ ದನಿ, ಚಿತ್ರ ಎರಡೂ ನಿಲ್ಲಬೇಕು, ಆ ಸುತ್ತುವ ಚಕ್ರ ಬರಬೇಕು. ದನಿ ಓಡುತ್ತಾ ಇದ್ದು ಚಿತ್ರ ಮಾತ್ರ ಹಿಂದೆ ಬಿದ್ದರೆ, ಡೇಟಾ ಮನೆಗೆ ಬಂದಾಗಿದೆ, ಒತ್ತಿ ಕಳಿಸಿದ ಅದನ್ನು ಬಿಡಿಸಿ ಚಿತ್ರ ಮಾಡಲು ಯಂತ್ರಕ್ಕೆ ಆಗುತ್ತಿಲ್ಲ ಅಂತ ಲೆಕ್ಕ.

ಖಾತ್ರಿ ಮಾಡಿಕೊಳ್ಳಲು ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿದೆ. ಮೂಲೆಯಲ್ಲಿ ಕಪ್ಪು ಚೌಕ ಬರುತ್ತದೆ. ಅದರಲ್ಲಿ 'ಬಫರ್ ಹೆಲ್ತ್' ಅನ್ನುವ ಸಾಲು 40 ಸೆಕೆಂಡಿನ ಆಸುಪಾಸಿನಲ್ಲೇ ಇತ್ತು. ಅಂದರೆ ಮುಂದಿನ 40 ಸೆಕೆಂಡಿನ ಆಟ ಆಗಲೇ ಇಳಿದು ಕೂತಿದೆ. ನೆಟ್ಟಿನವನು ಬಚಾವ್. ಆದರೆ 'ಡ್ರಾಪ್ಡ್ ಫ್ರೇಮ್ಸ್' (ತೋರಿಸದೆ ಬಿಟ್ಟ ಬಿಡಿ ಚಿತ್ರಗಳು) ಸಂಖ್ಯೆ ನೋಡನೋಡುತ್ತಲೇ ಏರುತ್ತಿತ್ತು. ವಿಡಿಯೋ 1080ಪಿ, ಸೆಕೆಂಡಿಗೆ 50 ಫ್ರೇಮು. ಒಂದೊಂದು ಫ್ರೇಮ್ ಬಿಡಿಸಲು ಸಿಗುವುದು 20 ಮಿಲಿಸೆಕೆಂಡು. ಅಷ್ಟರಲ್ಲಿ ಆಗದಿದ್ದರೆ ಬ್ರೌಸರ್ ಆ ಫ್ರೇಮನ್ನು ಕೈಬಿಟ್ಟು ದನಿಯ ಜೊತೆ ಓಡುತ್ತದೆ. ಇಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಹೋಗುತ್ತಿತ್ತು.

ಭಾನುವಾರ

ಹೊಸ ಲ್ಯಾಪ್‌ಟಾಪನ್ನು ಮೊದಲ ದಿನವೇ ಬೈಯಬಾರದು. ಒಳಗೆ ವಿಂಡೋಸ್ ಅಪ್‌ಡೇಟ್ ಇಳಿಯುತ್ತಿರುತ್ತದೆ, ಫೈಲುಗಳ ಇಂಡೆಕ್ಸಿಂಗ್ ನಡೆಯುತ್ತಿರುತ್ತದೆ, ಯಾರೂ ಕೇಳದ ಟ್ರಯಲ್ ಆಂಟಿವೈರಸ್ ಎಲ್ಲವನ್ನೂ ತಡಕಾಡುತ್ತಿರುತ್ತದೆ. ಚಾರ್ಜಿಗೆ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಆಂಟಿವೈರಸ್ ತೆಗೆದು ರೀಸ್ಟಾರ್ಟ್ ಮಾಡಿದೆ. ವಿಂಡೋಸಿನದ್ದೇ ಡಿಫೆಂಡರ್ ಇದೆಯಲ್ಲ, ಅಪ್ಪನಿಗೆ ಅದು ಸಾಕು. ಇಷ್ಟಕ್ಕೇ 720ಪಿ ನೋಡುವ ಹಾಗಾಯಿತು. 1080ಪಿ ಇನ್ನೂ ಹಾಗೇ.

ಡಿವೈಸ್ ಮ್ಯಾನೇಜರ್ ನೋಡಿದೆ. ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕೂತಿದೆ. ಅಲ್ಲಿ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಇದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು, ಡ್ರೈವರ್ ಹಾಕಿದರೆ ಆಯ್ತು. ಬ್ರೌಸರಿನ ಗ್ರಾಫಿಕ್ಸ್ ಆಕ್ಸಲರೇಶನ್ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ಒಪ್ಪಿಸುವ ಸೆಟ್ಟಿಂಗು) ಕೂಡ ಆನ್ ಇದೆ.

ಅಷ್ಟರಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಅಪ್ಪ ಹಾಕಿದ ಇನ್ನೊಂದು ಪ್ರಸಂಗ ಅದೇ 1080ಪಿಯಲ್ಲಿ ಬೆಣ್ಣೆಯ ಹಾಗೆ ಓಡಿತು. ಅದೇ ನೆಟ್, ಅದೇ ಬ್ರೌಸರ್. ಎರಡರ ಕಪ್ಪು ಚೌಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. 'ಕೋಡೆಕ್ಸ್' ಅನ್ನುವ ಸಾಲಿನಲ್ಲಿ ಸಿಕ್ಕಿತು. ಚೆನ್ನಾಗಿ ಓಡುವುದರಲ್ಲಿ ವಿಪಿ09. ತುಂಡಾಗುವುದರಲ್ಲಿ ಎವಿ01.

ಕೋಡೆಕ್ ಅಂದರೆ ವಿಡಿಯೋವನ್ನು ಒತ್ತಿ ಸಣ್ಣದು ಮಾಡುವ, ಮತ್ತೆ ಬಿಡಿಸುವ ವಿಧಾನ. ಎಚ್.264 ಬಂದದ್ದು 2003ರಲ್ಲಿ, ಗೂಗಲ್‌ನ ವಿಪಿ9 2013ರಲ್ಲಿ, ಎವಿ1 2018ರಲ್ಲಿ. ಒಂದಕ್ಕಿಂತ ಒಂದು ಬಿಗಿ. ಎವಿ1ರಲ್ಲಿ ಅದೇ ಗುಣಮಟ್ಟದ ಚಿತ್ರಕ್ಕೆ ಡೇಟಾ ಕಡಿಮೆ ಸಾಕು, ಬಿಡಿಸಲು ಲೆಕ್ಕ ಜಾಸ್ತಿ. ಅದಕ್ಕೇ ಈ ಕೆಲಸಕ್ಕೆಂದೇ ಚಿಪ್ಪಿನೊಳಗೆ ಬೇರೆ ಸರ್ಕ್ಯೂಟ್ ಇಟ್ಟಿರುತ್ತಾರೆ. ಆ ಸರ್ಕ್ಯೂಟ್ ಇದ್ದರೆ ಪ್ರೊಸೆಸರ್ ಸುಮ್ನೆ ಕೂತಿರಬಹುದು. ಇಲ್ಲದಿದ್ದರೆ ಎಲ್ಲ ಲೆಕ್ಕವೂ ಅದರ ತಲೆಗೇ.

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು (ಚಿಪ್ಪಿನ ಗ್ರಾಫಿಕ್ಸ್ ಭಾಗ) ಒತ್ತಿ, 'ವಿಡಿಯೋ ಡಿಕೋಡ್' ಗ್ರಾಫ್ ನೋಡಿದೆ. ವಿಪಿ9 ವಿಡಿಯೋ ಹಾಕಿದಾಗ ಗೆರೆ ಮೇಲೇಳುತ್ತದೆ, ಸಿಪಿಯು ಆರಾಮಾಗಿದೆ. ಎವಿ1 ಹಾಕಿದಾಗ ಆ ಗೆರೆ ನೆಲಕ್ಕೇ ಅಂಟಿರುತ್ತದೆ, ಸಿಪಿಯು ನೂರಕ್ಕೆ ನೂರು. ಇಂಟೆಲ್ ಚಿಪ್ಪುಗಳಲ್ಲೇ ಎವಿ1 ಬಿಡಿಸುವ ಸರ್ಕ್ಯೂಟ್ ಬಂದದ್ದು 2020ರಲ್ಲಿ, 11ನೇ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರುಗಳ ಜೊತೆ. ನಮ್ಮದರಲ್ಲಿ ಇರುವ ಚಿಪ್ಪಿನ ವಿನ್ಯಾಸ ಅದಕ್ಕಿಂತ ಹಳೆಯದು. ಪೆಟ್ಟಿಗೆ ಹೊಸದು, ಒಳಗಿನದ್ದು ಹಳೆಯದು. ಪೆಟ್ಟಿಗೆಯ ಮೇಲೆ ರ‍್ಯಾಮ್ ಎಷ್ಟು, ಸ್ಟೋರೇಜ್ ಎಷ್ಟು ಅಂತ ದಪ್ಪಕ್ಷರದಲ್ಲಿ ಇದೆ. ಯಾವ ಕೋಡೆಕ್ ಬಿಡಿಸುತ್ತದೆ ಅಂತ ಎಲ್ಲೂ ಇಲ್ಲ. ವಿಡಿಯೋ ನೋಡಲೆಂದೇ ಲ್ಯಾಪ್‌ಟಾಪ್ ತೆಗೆದುಕೊಳ್ಳುವವರಿಗೆ ಮೊದಲು ತಿಳಿಯಬೇಕಾದದ್ದು ಅದೇ ಅಲ್ವಾ?

ಭಾನುವಾರ ರಾತ್ರಿ

ಚಿಪ್ಪನ್ನು ಬದಲಿಸಲು ಆಗುವುದಿಲ್ಲ. ಬ್ರೌಸರಿನಿಂದ ಒಂದು ಸುಳ್ಳು ಹೇಳಿಸಬಹುದು. ವಿಡಿಯೋ ಶುರುವಾಗುವ ಮೊದಲು ಪುಟ ಬ್ರೌಸರನ್ನು 'ನಿನಗೆ ಯಾವ ಕೋಡೆಕ್ ಬರುತ್ತದೆ?' ಅಂತ ಕೇಳುತ್ತದೆ. 'ಎವಿ1 ಬರುವುದಿಲ್ಲ' ಅಂದರೆ ವಿಪಿ9 ಕೊಡುತ್ತದೆ.

ಇದಕ್ಕೆ ಫೈರ್‌ಫಾಕ್ಸ್ ಸುಲಭ. ಲ್ಯಾಪ್‌ಟಾಪು ವಿಂಡೋಸಿನ ಎಸ್ ಮೋಡಿನಲ್ಲಿ ಬಂದಿತ್ತು, ಸ್ಟೋರಿನಿಂದ ಬಿಟ್ಟು ಬೇರೆ ಕಡೆಯ ಆ್ಯಪ್ ಹಾಕಲು ಬಿಡುವುದಿಲ್ಲ. ಅದೃಷ್ಟಕ್ಕೆ ಫೈರ್‌ಫಾಕ್ಸ್ ಸ್ಟೋರಿನಲ್ಲೇ ಇದೆ. ಹಾಕಿಕೊಂಡು, ವಿಳಾಸದ ಜಾಗದಲ್ಲಿ 'ಅಬೌಟ್ ಕೋಲನ್ ಕಾನ್ಫಿಗ್' ಬರೆದು, ಎಚ್ಚರಿಕೆ ದಾಟಿ ಒಳಗೆ ಹೋಗಿ, 'ಮೀಡಿಯಾ ಡಾಟ್ ಎವಿ1 ಡಾಟ್ ಎನೇಬಲ್ಡ್' ಹುಡುಕಿ 'ಫಾಲ್ಸ್' ಮಾಡಿದೆ. ಕ್ರೋಮ್, ಎಡ್ಜ್ ಬಿಡಲು ಮನಸ್ಸಿಲ್ಲದವರಿಗೆ 'ಎನ್‌ಹಾನ್ಸ್ಡ್ ಎಚ್264ಇಫೈ' ಅನ್ನುವ ಎಕ್ಸ್‌ಟೆನ್ಶನ್ ಇದೆ. ಅದರಲ್ಲಿ ಎವಿ1 ಒಂದಕ್ಕೇ ಟಿಕ್ ಹಾಕಿ ತಡೆಯಬಹುದು. ಎಲ್ಲಕ್ಕೂ ಟಿಕ್ ಹಾಕಿಬಿಡಬೇಡಿ, ವಿಪಿ9ನ್ನೂ ತಡೆದರೆ ಯೂಟ್ಯೂಬಿನಲ್ಲಿ 1080ಪಿಗಿಂತ ಮೇಲಿನದ್ದು ಸಿಗುವುದಿಲ್ಲ. ಈ ಲ್ಯಾಪ್‌ಟಾಪಿಗೆ ಅದು ಬೇಡ ಅನ್ನುವುದು ಬೇರೆ ಮಾತು.

ಅದೇ ಪ್ರಸಂಗ, ಅದೇ ಧಿಗಿಣ. ಕೋಡೆಕ್ ಸಾಲಿನಲ್ಲಿ ಈಗ ವಿಪಿ09. ಡಿಕೋಡ್ ಗೆರೆ ಎದ್ದಿದೆ. ಶುರುವಿನಲ್ಲಿ ಹತ್ತಿಪ್ಪತ್ತು ಫ್ರೇಮ್ ಹೋದವು, ಆಮೇಲೆ ಸಂಖ್ಯೆ ಅಲ್ಲಾಡಲಿಲ್ಲ. ವೇಷದ ಸುತ್ತು ಪೂರ್ತಿ ಕಾಣುತ್ತದೆ. ಇದರ ಬೆಲೆ ಅಂದರೆ ಡೇಟಾ ಸ್ವಲ್ಪ ಜಾಸ್ತಿ ಹೋಗುತ್ತದೆ, ಮನೆಯ ಬ್ರಾಡ್‌ಬ್ಯಾಂಡಿಗೆ ಅದೇನೂ ಲೆಕ್ಕವಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರು ಯೋಚಿಸಬೇಕು.

ಬಾಕಿ ಇರುವುದು

ಒಂದು ಸಣ್ಣ ನಡುಕ ಉಳಿದಿದೆ. ಅಪ್ಪನಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ಡ್ರಾಪ್ಡ್ ಫ್ರೇಮ್ ಇಲ್ಲ, ಆದರೂ ಕ್ಯಾಮೆರಾ ರಂಗಸ್ಥಳದ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುವಾಗ ಚಿತ್ರ ಸಣ್ಣಗೆ ಅದುರುತ್ತದೆ. ಇದು ಲೆಕ್ಕದ್ದೇ ತೊಂದರೆ. ನಮ್ಮಲ್ಲಿ ಟಿವಿಯ ಕಾಲದಿಂದಲೂ 25, 50 ಫ್ರೇಮುಗಳ ರೂಢಿ. ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 50 ಫ್ರೇಮನ್ನು 60ರಲ್ಲಿ ಹಂಚಬೇಕಾದರೆ ಪ್ರತಿ ಐದನೆಯದನ್ನು ಎರಡು ಸಲ ತೋರಿಸಬೇಕು. ಅಂದರೆ ಸೆಕೆಂಡಿಗೆ ಹತ್ತು ಸಲ ಒಂದು ಸಣ್ಣ ತಡೆ.

ಪರದೆಯನ್ನು 50 ಹರ್ಟ್ಸಿಗೆ, ಅಂದರೆ ಸೆಕೆಂಡಿಗೆ 50 ಸಲಕ್ಕೆ, ಇಳಿಸಿದರೆ ಹೋಗುತ್ತದೆ. ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ, 60 ಒಂದೇ ಇದೆ. ಹಾಲಿನಲ್ಲಿರುವ ಟಿವಿ 50 ತೆಗೆದುಕೊಳ್ಳಬಹುದು ಅಂತ ಅಂದಾಜು. ಮುಂದಿನ ಸಲ ಊರಿಗೆ ಹೋಗುವಾಗ ಎಚ್‌ಡಿಎಂಐ ಕೇಬಲ್ ಒಯ್ದು ಹಾಕಿ ನೋಡಿ ಇಲ್ಲೇ ಬರೆಯುತ್ತೇನೆ.