ಬೆಳಕಿನಿಂದ ಬೆಳಕಿನ ಬಣ್ಣ ಬದಲಿಸೋದ್ಯಾಕೆ?

"ಬಣ್ಣದ ಗಾಜು ಅಡ್ಡ ಇಟ್ಟರೆ ಸಾಲದೇ?" ಬೆಳಕು ಹಾಯಿಸಿ ವಸ್ತುವೊಂದು ಸೂಸುವ ಬಣ್ಣವನ್ನೇ ಬದಲಿಸುವುದು ನನ್ನ ಕೆಲಸ ಎಂದು ಹೇಳಿ ಮುಗಿಸುವ ಮೊದಲೇ ಬರುವ ಪ್ರಶ್ನೆ ಇದು. ಸಾಲದು. ಗಾಜು ಬೇಡದ ಬಣ್ಣವನ್ನು ತಡೆಯುತ್ತದೆ, ಇಲ್ಲದ ಬಣ್ಣವನ್ನು ಕೊಡುವುದಿಲ್ಲ. ನೀಲಿ ಮಾತ್ರ ಸೂಸುವ ವಸ್ತುವಿನ ಮುಂದೆ ಕೆಂಪು ಗಾಜು ಹಿಡಿದರೆ ಸಿಗುವುದು ಕತ್ತಲೆ.

ಒಮ್ಮೆ ಉಪನ್ಯಾಸ ಮುಗಿದ ಮೇಲೆ ಒಬ್ಬರು ಫೋನ್ ಎತ್ತಿ ಹಿಡಿದು, "ಇದರಲ್ಲಿ ಆಗಲೇ ಎಲ್ಲಾ ಬಣ್ಣ ಇದೆಯಲ್ರೀ, ನಿಮ್ಮದೇನು ಹೊಸದು?" ಅಂದರು. ನಕ್ಕೆ. ಈಗ ಹೇಳ್ತೀನಿ: ಸ್ವಾಮಿ, ಆ ಒಎಲ್‌ಇಡಿ ಪರದೆಯಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆಬೇರೆ ಚುಕ್ಕಿಗಳಿವೆ. ಒಂದೂ ತನ್ನ ಬಣ್ಣ ಬಿಟ್ಟುಕೊಡುವುದಿಲ್ಲ. ಯಾವುದು ಎಷ್ಟು ಬೆಳಗಬೇಕೆನ್ನುವುದು ವಿದ್ಯುತ್ತಿನ ಲೆಕ್ಕ, ಬೆರೆಸುವುದು ನಿಮ್ಮ ಕಣ್ಣು.

ನಮ್ಮಲ್ಲಿ ಬದಲಾಗುವುದು ವಸ್ತುವೇ. ಕೆಲವು ಸಾವಯವ ಅಣುಗಳನ್ನು ದ್ರಾವಕಕ್ಕೆ ಬಿಟ್ಟರೆ ಹೈಡ್ರೋಜನ್ ಬಂಧದಿಂದಲೋ, ಚಪ್ಪಟೆ ಉಂಗುರಗಳ ಸೆಳೆತದಿಂದಲೋ ತಾವೇ ಒಂದರ ಮೇಲೊಂದು ಪೇರಿಕೊಂಡು ಎಳೆಗಳಾಗುತ್ತವೆ. ಪೇರಿಕೊಂಡಾಗಲೇ ಬಣ್ಣ ಬದಲಾಗಬಹುದು: ಪೈರೀನ್ ಎಂಬ ಚಪ್ಪಟೆ ಅಣು ಒಂಟಿಯಾಗಿದ್ದಾಗ 375–400 ನ್ಯಾನೋಮೀಟರ್ ತರಂಗಾಂತರದ ಸುಮಾರಿನ ನೇರಳೆ ಸೂಸಿದರೆ, ಜೋಡಿಯಾದದ್ದು 480ರ ಆಸುಪಾಸಿನ ಹಸಿರುನೀಲಿ. ಇಂಥ ಎಳೆಗಳಲ್ಲಿ ಹೀರಿಕೊಂಡ ಬೆಳಕಿನ ಶಕ್ತಿ ಅಣುವಿಂದ ಅಣುವಿಗೆ ಜಿಗಿಯುತ್ತ ಅಲೆಯುತ್ತದೆ. ನಡುನಡುವೆ ಬೆಳಕು ಬಿದ್ದರೆ ಆಕಾರ ಬದಲಿಸುವ ಅಣುವಾದ ಡೈಅರೈಲ್‌ಎಥೀನ್ ಸೇರಿಸಿ ನೋಡಿ. ನೇರಳಾತೀತ ಬಿದ್ದರೆ ಅದರ ಉಂಗುರ ಮುಚ್ಚುತ್ತದೆ, ಗೋಚರ ಬೆಳಕಿಗೆ ತೆರೆಯುತ್ತದೆ, ಕತ್ತಲಲ್ಲಿ ಇದ್ದ ಹಾಗೇ ಇರುತ್ತದೆ. ಮುಚ್ಚಿದ ಅಣು ಅಲೆಯುವ ಶಕ್ತಿಯನ್ನು ಹಿಡಿದು ತನ್ನ ಬಣ್ಣದಲ್ಲಿ ಹೊರಬಿಡುತ್ತದೆ, ಇಲ್ಲವೇ ಸುಮ್ಮನೆ ನುಂಗಿಬಿಡುತ್ತದೆ. ಅದು ಅಣುವನ್ನು ಕಟ್ಟಿದವರ ಜಾಣತನ. ಶಕ್ತಿಯೇ ನಡೆದು ಬರುವುದರಿಂದ ಹಿಡಿಯುವ ಅಣುಗಳು ಬೆರಳೆಣಿಕೆಯಷ್ಟಿದ್ದರೂ ಇಡೀ ಎಳೆಯ ಬಣ್ಣ ಹೊರಳುತ್ತದೆ. ಎಳೆ ನೀಲಿ, ಮುಚ್ಚಿದ ಅಣು ಕಿತ್ತಳೆ ಸೂಸುವಂತಿದ್ದರೆ, ಎರಡೂ ಸಮ ತೂಗಿದ ಹಂತದಲ್ಲಿ ಬಣ್ಣ ಬದಲಿಸುವ ಬೆಳಕು ನಿಲ್ಲಿಸಿದರೆ ಬಿಳಿ! ತಂತಿ ಇಲ್ಲ, ಮುಟ್ಟಬೇಕಾಗಿಯೂ ಇಲ್ಲ, ಬೇಕಾದ ಜಾಗಕ್ಕಷ್ಟೇ ಬೆಳಕು ಬಿಟ್ಟರಾಯಿತು. ಗಾಜಿನವರಿಗೆ ಇಷ್ಟು ಸಾಕು.

ಯಾರಾದರೂ ಹೀಗೆ ಕೇಳಬಾರದೇ: ಆ ಬಣ್ಣ ನೋಡಲಿಕ್ಕೂ ಬೆಳಕು ಹಾಯಿಸಬೇಕಲ್ಲ, ಅದೇ ಬಣ್ಣ ಕೆಡಿಸಿದರೆ? ಕೆಡಿಸುತ್ತದೆ, ಅದೇ ನಮ್ಮ ತಲೆನೋವು. ನೋಡಲು ಬಿಟ್ಟ ನೇರಳಾತೀತ ತೆರೆದದ್ದನ್ನು ಮುಚ್ಚುತ್ತದೆ. ಮುಚ್ಚಿದ್ದಕ್ಕೆ ತಲುಪಿದ ಶಕ್ತಿ ಅದನ್ನೇ ಮತ್ತೆ ತೆರೆಯಲೂಬಹುದು. ಉಂಗುರ ಸುಲಭಕ್ಕೆ ತೆರೆಯದಂತೆ ಮಿಥಾಕ್ಸಿ ಎಂಬ ಸಣ್ಣ ಪರಮಾಣು ಗುಂಪುಗಳನ್ನು ಜೋಡಿಸುವ ಉಪಾಯವಿದೆ. ಆದರೆ ಹಾಗೆ ಮಾಡಿದರೆ ನಾವೇ ಅಳಿಸಬೇಕೆಂದಾಗ ದೀಪ ಹಚ್ಚಿಕೊಂಡು ಕಾಯುತ್ತ ಕೂರಬೇಕು.